ಹಿಟ್ಟಿನ ಗುಳಿಗೆ, ಪೂರ್ತಿ ಮಾರ್ಕು

ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನಾನು ಒಂದು ವೈದ್ಯಕೀಯ ಸಂಶೋಧನೆಯನ್ನೂ ಕೆಡಿಸಿದ್ದೇನೆ. ಎಂಬತ್ತರ ದಶಕದ ಮಾತು. ಮುಳಬಾಗಿಲಿನಲ್ಲಿ ವೇದಪಾಠ ಹೇಳುತ್ತಿದ್ದ ನಮ್ಮ ತಾತನಿಗೆ ಆಲ್‌ಝೈಮರ್ ಕಾಯಿಲೆ ಬಂದಿತ್ತು. ಬೆಂಗಳೂರಿನಿಂದ ತಿಂಗಳಿಗೊಮ್ಮೆ ಕೋಲಾರಕ್ಕೆ ಬರುತ್ತಿದ್ದ ಡಾಕ್ಟರೊಬ್ಬರು ಅದಕ್ಕೊಂದು ಹೊಸ ಗುಳಿಗೆ ಪರೀಕ್ಷಿಸುತ್ತಿದ್ದರು. ಆರು ತಿಂಗಳು ಅರ್ಧ ಜನಕ್ಕೆ ನಿಜವಾದ ಗುಳಿಗೆ, ಉಳಿದವರಿಗೆ ನೋಡಲು ಹಾಗೆಯೇ ಇರುವ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರಲಿಲ್ಲ.

ಪ್ರತಿ ಸಲ ಅವರು ಅದೇ ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳುತ್ತಿದ್ದರು: ಕುದುರೆ, ಬೀಗ, ತೆಂಗಿನಕಾಯಿ. ಮೊದಲ ಸಲ ತಾತನಿಗೆ ಒಂದೂ ನೆನಪಾಗಲಿಲ್ಲ. ಫೇಲಾದರೆ ಗುಳಿಗೆ ನಿಲ್ಲಿಸಿಬಿಡುತ್ತಾರೆಂದು ನಾನೇ ತೀರ್ಮಾನಿಸಿದೆ. ಫೇಲಾಗುವುದರಲ್ಲಿ ನನಗಿಂತ ಅನುಭವಸ್ಥರು ಯಾರಿದ್ದರು? ನಮ್ಮ ಮನೆಯಲ್ಲಿ ಪಾಠ ಎಂದರೆ ಗುರು ಹೇಳಿದ್ದನ್ನು ಎರಡೆರಡು ಸಲ, ಸ್ವರ ಸಮೇತ, ತಿರುಗಿ ಹೇಳುವುದು. ದಿನಾ ಸ್ನಾನವಾದ ಮೇಲೆ ತಾತನನ್ನು ಕೂರಿಸಿಕೊಂಡು ಆ ಮೂರು ಪದವನ್ನು ಹಾಗೆಯೇ ಹೇಳಿಸಿದೆ.

"ಏನೋ, ತಾತಂಗೇ ಮೇಷ್ಟ್ರಾಗ್ಬಿಟ್ಯಾ? ಮೊದ್ಲು ನೀನು ಪಾಸಾಗೋ," ಎಂದರು ಅಜ್ಜಿ.

ತಾತ ತಿಂಗಳು ತಿಂಗಳೂ ಪಾಸಾದರು. ಆರು ತಿಂಗಳಾದ ಮೇಲೆ ಡಾಕ್ಟರು ಯಾರಿಗೆ ಯಾವ ಗುಳಿಗೆಯೆಂದು ಬರೆದಿಟ್ಟಿದ್ದ ಲಕೋಟೆ ಒಡೆದು, ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನಿಮ್ಮ ತಾತ ತಿಂದಿದ್ದು ಬರೀ ಹಿಟ್ಟು. ಹೆಂಗಪ್ಪ ಹುಷಾರಾದ್ರು?"

ನಾನು ಒಪ್ಪಿಕೊಂಡೆ. "ಸಾರ್, ನಾನೇ ಬಾಯಿಪಾಠ ಮಾಡಿಸ್ಬಿಟ್ಟೆ."

"ಹಿಟ್ಟು ತಿಂದು ಮರೆವು ಹೆಚ್ಚಾದೋರಿಗೆ ಇವತ್ತಿಂದ ನಿಜವಾದ ಗುಳಿಗೆ ಕೊಡ್ತಿದೀವಿ. ನಿಮ್ಮ ತಾತಂದು ಪೂರ್ತಿ ಮಾರ್ಕು. ಪಟ್ಟೀಲೇ ಇಲ್ಲ."

ತಾತನ ಔಷಧಿ ತಪ್ಪಿಸಿದವನು ನಾನೇ.

"ಇನ್ನೊಂದ್ಸಲ ಕೇಳಿ ಸಾರ್. ಖಂಡಿತ ಫೇಲಾಗ್ತಾರೆ."

ಕೇಳಿದರು. ತಾತ ಬೆನ್ನು ನೆಟ್ಟಗೆ ಮಾಡಿ, ಕುದುರೆಯನ್ನು ಏರಿಸಿ, ಬೀಗವನ್ನು ಇಳಿಸಿ, ತೆಂಗಿನಕಾಯಿಯನ್ನು ಎಳೆದು, ಎರಡು ಸಲ ಒಪ್ಪಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕೈಮುಗಿದರು.

"ಸ್ವರ ಸರಿಯಾಯ್ತಾ, ಗುರುಗಳೇ?"

ಅವರು ತಮಾಷೆ ಮಾಡುತ್ತಿರಲಿಲ್ಲ.

"ಬೇರೆ ಪದ ಕೊಡ್ತೀನಿ. ನೀನು ತುಟಿ ಅಲ್ಲಾಡಿಸ್ಬೇಡ," ಎಂದ ಡಾಕ್ಟರು ನಿಧಾನವಾಗಿ ಹೇಳಿದರು: ಸೂಜಿ, ಮಾವು, ಬಾವಿ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ತಾತ ಫೇಲಾಗಲಿ ಎಂದು ಬೇಡಿಕೊಂಡೆ. ಐದು ನಿಮಿಷದ ನಂತರ ತಾತ ಹೇಳಿದರು, "ಯಾವ ಪದ? ಯಾರೂ ಏನೂ ಹೇಳ್ಲಿಲ್ವಲ್ಲಪ್ಪ."

ಡಾಕ್ಟರು ಸೊನ್ನೆ ಬರೆದು, ಹಳೆಯ ಹಾಳೆಗಳಿಗೆಲ್ಲ ಗೀಟು ಹಾಕಿ, ಪಟ್ಟಿಯ ಕೊನೆಗೆ ತಾತನ ಹೆಸರು ಸೇರಿಸಿ ನಿಜವಾದ ಗುಳಿಗೆಯ ಸೀಸೆ ಕೊಟ್ಟರು. ಆರು ತಿಂಗಳಿಂದ ತಾತ ಸುಧಾರಿಸುತ್ತಿದ್ದಾರೆಂದು ಎಲ್ಲರಿಗಿಂತ ಹೆಚ್ಚಾಗಿ ನಾನೇ ನಂಬಿದ್ದೆ. ಮುಚ್ಚಳ ಎಷ್ಟು ತಿರುಗಿಸಿದರೂ ನನ್ನಿಂದ ಆಗಲಿಲ್ಲ. ತಾತನೇ ತೆಗೆದುಕೊಟ್ಟರು.