ಮೇಣ ತುಂಬಿದ ಹಿಡಿ

ಮೊನ್ನೆ ಸೊಸೆ ಮೇಣದಬತ್ತಿ ಕರಗಿಸಿ ಚಾಕುವಿನ ಹಿಡಿಯ ಬಿರುಕಿಗೆ ತೊಟ್ಟಿಕ್ಕಿಸುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ಚಾಕು ಕಿತ್ತುಕೊಂಡೆ. ಪಾಪ, ಅವಳಿಗೇನು ಗೊತ್ತು... ನನ್ನ ಸಿಟ್ಟು ಅವಳ ಮೇಲಲ್ಲ, ಹುಣಸೂರಿನ ಅಂಗಡಿ ಮಾವನ ಮೇಲೆ.

ಐವತ್ತರ ದಶಕದ ಮಾತು. ಕತ್ತಿ, ಕುಡುಗೋಲು ಮಾರುತ್ತಿದ್ದ ಆತನನ್ನು ಮಕ್ಕಳೆಲ್ಲ ಮಾವ ಅಂತಲೇ ಕರೆಯುತ್ತಿದ್ದೆವು. ಹೋದಾಗಲೆಲ್ಲ ಬೆಲ್ಲದ ಚೂರು ಕೊಡುತ್ತಿದ್ದ. ಹಿಡಿ ಸಡಿಲವಾದರೆ ಅಲಗು ಕಿತ್ತು, ತೂತಿಗೆ ಅರಗು, ಇಟ್ಟಿಗೆಪುಡಿ ತುಂಬಿ, ಹಿಡಿಯೊಳಗೆ ಕೂರುವ ಅಲಗಿನ ಬಾಲ ಕಾಯಿಸಿ ಇಳಿಸಬೇಕು. ಹಿಡಿಯೇ ಸೀಳಿದ್ದರೆ ಬಿಸಾಕಿ ಬೇರೆ ಹಾಕಬೇಕು. ಇದೆಲ್ಲ ಅವನಿಗೆ ಗೊತ್ತಿತ್ತು. ಆದರೆ ಮೇಣಕ್ಕೆ ಮರದ ಪುಡಿ ಕಲಸಿ ಬಿರುಕಿಗೆ ಮೆತ್ತಿ, ಎಣ್ಣೆ ಉಜ್ಜುವುದು ಸುಲಭ ನೋಡಿ.

ಆಯುಧಪೂಜೆಗೆ ಅಪ್ಪ ಅವನಲ್ಲಿ ಒಂದು ಮಚ್ಚುಗತ್ತಿ ತಂದ. ಹಿಡಿಗೆಲ್ಲ ಅರಿಶಿನ ಕುಂಕುಮ. "ಪೂಜೆ ಮಾಡೇ ಕೊಟ್ಟಿವ್ನಿ" ಅಂದಿದ್ದನಂತೆ. ಪೂಜೆಯಾದ ಕತ್ತಿಯ ಕುಂಕುಮವನ್ನು ನಮ್ಮ ಕಡೆ ಯಾರೂ ಒರೆಸುವುದಿಲ್ಲ, ತಾನಾಗಿ ಹೋಗಬೇಕು. ಅದೂ ಅವನಿಗೆ ಗೊತ್ತಿತ್ತು.

ಅವ್ವ ಹಿತ್ತಲಲ್ಲಿ ಅದೇ ಮಚ್ಚಿನಿಂದ ಒಲೆಗೆ ಪುಳ್ಳೆ ಸೀಳುತ್ತಿದ್ದಳು. ಬಿಸಿಲಿಗೆ ಮೇಣ ಮೆತ್ತಗಾಗಿ ಹಿಡಿ ಎರಡು ಹೋಳಾಯಿತು. ಅಲಗಿನ ಬಾಲ ತಿರುಗಿ ಅವಳ ಬಲಗೈ ಹೆಬ್ಬೆರಳಿನ ಬುಡ ಸೀಳಿತು.

ಬಟ್ಟೆ ಸುತ್ತಿದ ಕೈಯಲ್ಲೇ ಅಂಗಡಿಗೆ ಹೋದಳು. ನಾನೂ ಇದ್ದೆ. ಹೋಳುಗಳನ್ನು ಅವನ ಮುಂದೆ ಇಟ್ಟಳು.

"ಇದ್ಯಾವ ಪೂಜೆ ಅಣ್ಣಾ? ಬಿರುಕಿಗೆ ಮೇಣ, ಮೇಣದ ಮ್ಯಾಲೆ ಕುಂಕುಮ."

"ಒರೆಸಿ ನೋಡ್ಬ್ಯಾಡ ಅಂದೋರ್ಯಾರವ್ವ?" ಅಂದ ಅವನು. ಕೂತಿದ್ದವರು ನಕ್ಕರು.

"ನೀನು ಇಂಥೋನು ಅಂತ ಗೊತ್ತಿದ್ರೆ ನಿನ್ ಅಣೆ ಕುಂಕುಮಾನೂ ಒರೆಸಿ ನೋಡ್ತಿದ್ದೆ ಕಣಣ್ಣ."

ನಗು ನಿಂತಿತು. ಅವನು ಮಾತ್ರ ತಪ್ಪಾಯ್ತು ಅನ್ನಲಿಲ್ಲ. ಅವತ್ತೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ.

ಆ ಹೆಬ್ಬೆರಳು ಮತ್ತೆ ಮಡಿಸಲು ಬರಲಿಲ್ಲ. ಹೊಗೆಸೊಪ್ಪು ಕಟ್ಟುವುದರಲ್ಲಿ ಅವಳಷ್ಟು ಚುರುಕಿನವರು ಊರಲ್ಲೇ ಇರಲಿಲ್ಲ, ಆಮೇಲೆ ಯಾರೂ ಆ ಕೂಲಿಗೆ ಕರೆಯಲಿಲ್ಲ. ಎಡಗೈಯಲ್ಲೇ ಕಳೆ ಕಿತ್ತು, ಎಡಗೈಯಲ್ಲೇ ಮುದ್ದೆ ಕಟ್ಟಿ ನನ್ನನ್ನು ಓದಿಸಿದಳು. ನಮ್ಮ ವಂಶದಲ್ಲೇ ಮೊದಲ ಬಿ.ಎ. ನಾನು. ಹೇಳಿಕೊಳ್ಳೋಕೆ ನನಗೇನೂ ಸಂಕೋಚವಿಲ್ಲ, ಅದರಲ್ಲಿ ಅವಳ ಎಡಗೈ ಇದೆ.

ಅವ್ವ ತೀರಿಕೊಂಡ ದಿನ ಕೈ ಜೋಡಿಸಿ ಮಲಗಿಸಲು ನೋಡಿದೆವು. ಆ ಒಂದು ಬೆರಳು ನೆಟ್ಟಗೇ ನಿಂತಿತ್ತು...

ಅವನೂ ಹೋಗಿ ಎಷ್ಟೋ ವರ್ಷವಾಯಿತು. ಒಳ್ಳೆಯ ಮನುಷ್ಯ ಅಂತ ಈಗಲೂ ಅನ್ನುವವರಿದ್ದಾರೆ. ಸತ್ತವರನ್ನು ಬೈಯಬಾರದಂತೆ. ನಾನು ಬೈಯುತ್ತೇನೆ. "ಸಾಕು ಬುಡು ಮಗ" ಅಂತ ನನ್ನ ಬಾಯಿ ಮುಚ್ಚಿಸೋಕೆ ಅವ್ವ ಇಲ್ಲ.