ಕ್ಯಾಮೆರಾದ ಹಿಂದಿನ ಹೂಂ

ನಮ್ಮ ಕೊಳ್ಳೇಗಾಲದ ಕಾಲೇಜಿನಲ್ಲಿ ಆನ್‌ಲೈನ್ ಪಾಠ ಮಾಡಿದವರೆಲ್ಲ ನಿಜಕ್ಕೂ ಪಾಠ ಮಾಡಿದ್ದು ಚನ್ನಬಸವನಿಗೆ. ಮಧುವನಹಳ್ಳಿಯ ಈ ಗೆಳೆಯನ ಕೆಲಸ ಅಧ್ಯಾಪಕರ ಪಾಠಗಳನ್ನು ಹತ್ತು ನಿಮಿಷದ ತುಣುಕುಗಳಾಗಿ ಹೊಂದಿಸಿ ರೆಕಾರ್ಡ್ ಮಾಡುವುದು. ಮೂವತ್ತು ವರ್ಷ ಕಲಿಸಿದವರೂ ಖಾಲಿ ಕೋಣೆಯಲ್ಲಿ ತೊದಲುತ್ತಿದ್ದರು. ಆಗ ಅವನು ಕ್ಯಾಮೆರಾದ ಹಿಂದೆ ಕೂತು, "ನನ್ಗೇ ಯೋಳಿ ಸಾ. ನಾನು ಪಿಯುಸಿ ಫೇಲು. ನಂಗರ್ಥ ಆದ್ರೆ ಊರ್ಗೆಲ್ಲ ಆಯ್ತದೆ" ಎನ್ನುತ್ತಿದ್ದ. ಕಣ್ಣು ಕುಕ್ಕುವ ದೀಪದಾಚೆ ಅವನ ಮುಖ ಕಾಣುತ್ತಿರಲಿಲ್ಲ. ಮಾದಪ್ಪನ ಕತೆಗೆ ಹೂಂಗುಟ್ಟುವವರಂತೆ ಅವನು ಹೂಂ ಎನ್ನುವುದಷ್ಟೇ ಕೇಳಿಸುತ್ತಿತ್ತು. ಹೂಂ ನಿಂತರೆ ಅರ್ಥವಾಗಲಿಲ್ಲವೆಂದು ಲೆಕ್ಕ. ಪ್ರಾಂಶುಪಾಲರೂ ಮೊದಲಿಂದ ಹೇಳಬೇಕಿತ್ತು. ಆಮೇಲೆ ತನ್ನ ಹೂಂಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ತೆಗೆಯುತ್ತ, "ಲೇ, ನಿನ್ ಪಾಠ್ದಲ್ಲಿ ನನ್ ಆಕ್ಳಿಕೆನೂ ಕತ್ತರಿಸ್ಬೇಕು ಕಣ್ಲಾ" ಎಂದು ನನ್ನನ್ನು ಛೇಡಿಸುತ್ತಿದ್ದ. ನನ್ನ ಕೊನೆಯ ಪಾಠ ಕತ್ತರಿಸದೆ ಉಳಿದಿದೆ; ಅದನ್ನು ರೆಕಾರ್ಡ್ ಮಾಡಿದ ಸಂಜೆಯೇ ಅವನು ಎದೆನೋವಿನಿಂದ ತೀರಿಕೊಂಡ. ನಿನ್ನೆ ಅವನ ಹೂಂಗಳನ್ನು ತೆಗೆಯಲು ಕೂತೆ. ಕೊನೆಯ ಎರಡು ನಿಮಿಷದಲ್ಲಿ ತೆಗೆಯಲು ಒಂದೂ ಇರಲಿಲ್ಲ. ಆವತ್ತೇ ಅದು ನನ್ನ ಗಮನಕ್ಕೆ ಬಂದಿತ್ತು. ಹನೂರಿನ ಬಸ್ಸಿಗೆ ಹೊತ್ತಾಗುತ್ತಿತ್ತು; ನಿಲ್ಲಿಸಿ ಕೇಳಲಿಲ್ಲ, ಪಾಠ ಮುಗಿಸಿಬಿಟ್ಟೆ.