ಅತ್ತೆ ಹಾಕಿದ ಕೊಂಬೆ

ನಮ್ಮ ಸೋದರತ್ತೆಗೆ ಓದುಬರಹ ಬರುತ್ತಿರಲಿಲ್ಲ. ಆರೋಗ್ಯ ಕಾರ್ಯಕರ್ತೆ ಎಂಬ ಬಿಲ್ಲೆಯನ್ನು ಕುತ್ತಿಗೆಗೆ ನೇತುಹಾಕಿಕೊಂಡು ತಿರುಗುವ ನನಗೆ ಬರುತ್ತಿತ್ತು. ಎಡವಟ್ಟಾದದ್ದೇ ಅಲ್ಲಿ.

ಕಾಡಿನಲ್ಲಿದ್ದಾಗ ನಮ್ಮ ಜನಕ್ಕೊಂದು ರೂಢಿಯಿತ್ತು. ಸುತ್ತಮುತ್ತ ಜ್ವರ ಹಬ್ಬುತ್ತಿದೆ ಎಂದು ಗೊತ್ತಾದರೆ ಹಾದಿಗೆ ಅಡ್ಡಲಾಗಿ ಹಸಿ ಕೊಂಬೆ ಹಾಕುವುದು. ಬಂದವರು ಯಾರೇ ಆಗಲಿ, ಅಲ್ಲಿಂದಲೇ ಕೂಗಿ ಮಾತಾಡಿ, ತಂದದ್ದನ್ನು ಪಕ್ಕದ ಕಲ್ಲಿನ ಮೇಲಿಟ್ಟು ವಾಪಸ್ಸು ಹೋಗಬೇಕು. ಎಲೆ ಬಾಡಿದಂತೆಲ್ಲ ಹೊಸ ಕೊಂಬೆ. ಈ ಕೆಲಸ ಅತ್ತೆಯದು, ಅವಳಿಗಿಂತ ಮುಂಚೆ ಅವಳ ಅಮ್ಮನದು.

ಆಮೇಲೆ ನಮ್ಮನ್ನು ಕಾಡಿನಿಂದ ಎಬ್ಬಿಸಿ ಕಾಲೊನಿಗೆ ತಂದರು. ಮೂವತ್ತು ಮನೆ, ಒಂದು ಗೋಡೆಗೆ ಎರಡು ಸಂಸಾರ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಪಕ್ಕದ ಮನೆಯವರು ಸೀನಿದರೆ ನಮ್ಮನೆ ತಟ್ಟೆ ಅಲುಗುತ್ತದೆ ಎಂದು ಅತ್ತೆ ಆಡಿಕೊಳ್ಳುತ್ತಿದ್ದಳು. ನಾನು ಶಾಲೆಗೆ ಹೋದೆ. ಅಲ್ಲಿ ಕೊಂಬೆಯ ಕಥೆ ಹೇಳಿ ತರಗತಿಯನ್ನೆಲ್ಲ ನಗಿಸಿದೆ. ಅದು ನೆನಪಾದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸಾಂಕ್ರಾಮಿಕ ಪೇಟೆಗೆ ಬಂತು ಎಂದು ತಿಳಿದ ದಿನವೇ, ಎಪ್ಪತ್ತು ದಾಟಿದ ಅತ್ತೆ ಕತ್ತಿ ಹಿಡಿದು ಹೊರಟಳು. ಕಾಲೊನಿಯ ಬಾಯಿಗೆ ಆಳುದ್ದದ ಕೊಂಬೆ ಎಳೆದು ತಂದು ಹಾಕಿದಳು. ರೇಷನ್ ಮೂಟೆಗಳು ಕಲ್ಲಿನ ಮೇಲೆಯೇ ಇಳಿದವು. ಹನ್ನೊಂದು ದಿನ ಒಳಗಿನವರು ಹೊರಗೆ ಹೋಗಲಿಲ್ಲ, ಹೊರಗಿನವರು ಒಳಗೆ ಬರಲಿಲ್ಲ. ಮೂವತ್ತು ಮನೆಯಲ್ಲಿ ಒಂದು ಕೆಮ್ಮಿಲ್ಲ.

ಹನ್ನೆರಡನೇ ದಿನ ನಮ್ಮ ಮೇಲ್ವಿಚಾರಕರ ಫೋನ್. ಜನರನ್ನು ಒಂದು ಕಡೆ ಸೇರಿಸಬೇಕಂತೆ, ಒಂದು ಕಡೆ ಸೇರಬಾರದು ಎಂದು ತಿಳಿಹೇಳುವುದಕ್ಕೆ! ವ್ಯಾನು ಒಳಗೆ ಬರಬೇಕು, ದಾರಿಯಲ್ಲಿ ಅದೇನೋ ಕೊಂಬೆ ಬಿದ್ದಿದೆಯಂತಲ್ಲ, ತೆಗೆಸಿ ಎಂದರು. ಅದು ಬಿದ್ದದ್ದಲ್ಲ, ಹಾಕಿದ್ದು ಎನ್ನಲು ನಾಚಿಕೆಯಾಯಿತು. ಕೆಲಸ ಹೋದೀತೆಂಬ ಭಯವಲ್ಲ, ಬರೀ ನಾಚಿಕೆ.

ಅತ್ತೆ ಕೊಂಬೆಯ ಆ ತುದಿ ಹಿಡಿದು ನಿಂತಳು.

"ಕಾಯಿಲೆ ಇನ್ನೂ ಪೇಟೇಲೇ ಇದೆ. ಈಗ ತೆಗೀಬೇಡ ಕಣೇ."

ನಾನು ಎಳೆದೆ. ಎತ್ತಿ ಆಡಿಸಿದ ಹುಡುಗಿ ಎಂದೋ ಏನೋ, ಅವಳು ಕೈ ಬಿಟ್ಟಳು.

ಕಾಲೊನಿಯ ಶೆಡ್ಡಿನಲ್ಲಿ ಎಂಬತ್ತು ಜನರನ್ನು ಕೂರಿಸಿದೆವು. ಒಂದೇ ಮೈಕು ಕೈಯಿಂದ ಕೈಗೆ ಓಡಾಡಿತು. ವ್ಯಾನಿನಲ್ಲಿ ಪೇಟೆಯಿಂದ ಬಂದ ಭಾಷಣಕಾರರು ಮಾಸ್ಕನ್ನು ಗದ್ದಕ್ಕಿಳಿಸಿ, ಅಂತರ ಕಾಯ್ದುಕೊಳ್ಳಿ ಎಂದು ಕೆಮ್ಮುತ್ತಲೇ ಹೇಳಿದರು. ಕೊನೆಗೆ ಎಲ್ಲರೂ ಫೋಟೊದಲ್ಲಿ ಬರಬೇಕು, ಇನ್ನಷ್ಟು ಹತ್ತಿರ ನಿಲ್ಲಿ ಎಂದರು. ನಮ್ಮ ಭಾಷೆಗೆ ಅದನ್ನೂ ನಾನೇ ತಿರುಗಿಸಿ ಹೇಳಿದೆ.

ಅದಾದ ಐದನೇ ದಿನ ಒಂಬತ್ತು ಮನೆಯಲ್ಲಿ ಜ್ವರ. ಅದರಲ್ಲಿ ಅತ್ತೆಯದೂ ಒಂದು. ಆಸ್ಪತ್ರೆಗೆ ಎಷ್ಟು ಕರೆದರೂ ಒಪ್ಪಲಿಲ್ಲ, ಅಲ್ಲಿ ತನ್ನ ಮಾತು ಯಾರಿಗೆ ತಿಳಿಯುತ್ತದೆ ಎಂದು ಹಟ ಹಿಡಿದಳು. ಹೊಸ್ತಿಲಿಗೆ ಪುಟ್ಟದೊಂದು ಕೊಂಬೆ ಅಡ್ಡ ಹಾಕಿಕೊಂಡು ಒಳಗೆ ಮಲಗಿಬಿಟ್ಟಳು. ನಾನು ಊಟ, ಮಾತ್ರೆ ಮೆಟ್ಟಿಲ ಮೇಲಿಟ್ಟು ದೂರ ನಿಲ್ಲುತ್ತಿದ್ದೆ.

"ಈ ಕೊಂಬೇನೂ ತೆಗೀತೀಯಾ?" ಎಂದು ಒಳಗಿನಿಂದ ಕೇಳಿದಳು.

ನಾಲ್ಕನೇ ಬೆಳಿಗ್ಗೆ ಹಿಂದಿನ ದಿನದ ಊಟ ಇಟ್ಟಲ್ಲೇ ಇತ್ತು. ಕೂಗಿದೆ, ಮತ್ತೆ ಕೂಗಿದೆ. ಕೊಂಬೆ ದಾಟಿ ಒಳಗೆ ಹೋದೆ. ತಡವಾಗಿತ್ತು.

ಮುಂದಿನ ವಾರ ಮೇಲಿನಿಂದ ಸುತ್ತೋಲೆ ಬಂತು: ಪ್ರತಿ ಕಾಲೊನಿಯ ಪ್ರವೇಶದಲ್ಲಿ ತಡೆ ಹಾಕಿ ಫೋಟೊ ಕಳಿಸಬೇಕು. ಅತ್ತೆಯ ಕತ್ತಿ ಹಿಡಿದು ಹೋಗಿ, ಆಳುದ್ದದ ಹಸಿ ಕೊಂಬೆ ತಂದು ಹಾಕಿ ಫೋಟೊ ಕಳಿಸಿದೆ. ಕೂಡಲೇ ಮೇಲ್ವಿಚಾರಕರ ಫೋನ್. ತಡೆ ಎಲ್ಲಿದೆ, ಕೆಂಪು ಟೇಪು ಕಾಣುತ್ತಿಲ್ಲ, ಮತ್ತೆ ಅದೇ ಕೊಂಬೆ ಬಿದ್ದಿದೆಯಲ್ಲ, ತೆಗೆದು ಇನ್ನೊಂದು ಫೋಟೊ ಕಳಿಸಿ ಎಂದರು.

"ಅದು ಬಿದ್ದಿರೋದಲ್ಲ ಸಾರ್, ಹಾಕಿರೋದು. ತೆಗೆಯೋಲ್ಲ," ಎಂದೆ.

ಇಷ್ಟೇ ಮಾತು. ಎರಡು ವಾರದ ಹಿಂದೆ ಬಾಯಿಗೆ ಬರಲಿಲ್ಲ.